ಹೆಬ್ಬಾಳಕ್ಕೆ ಎಷ್ಟು ಚುಕ್ಕಿ ಬೇಕು?

ಕತ್ತಲಾದ ಮೇಲೆ ಬೆಂಗಳೂರಿನ ಹೆಬ್ಬಾಳದಲ್ಲಿ ಬಸ್ಸಿಗೆ ಕಾದವರಿಗೆಲ್ಲ ಇದು ಗೊತ್ತಿರುವ ಸಂಗತಿ. ಮೇಲುಸೇತುವೆಯ ಕಡೆಯಿಂದ ಬಸ್ಸೊಂದು ಬರುತ್ತದೆ. ಅದರ ನೆತ್ತಿಯ ಮೇಲೆ ಎಲ್‌ಇಡಿ ಬೋರ್ಡು ಉರಿಯುತ್ತಿರುತ್ತದೆ. ಮೊದಲು ಕಣ್ಣಿಗೆ ಬೀಳುವುದು ಬಸ್ಸಿನ ನಂಬರು. ಆಮೇಲೆ ಇಂಗ್ಲಿಷಿನಲ್ಲಿರುವ ಊರಿನ ಹೆಸರು. ಬೋರ್ಡು ಕನ್ನಡಕ್ಕೆ ತಿರುಗಿದಾಗ ಅಷ್ಟು ದೂರದಿಂದ ಕಾಣುವುದು ಅಕ್ಷರಗಳಲ್ಲ, ಬೆಳಕಿನ ಉಂಡೆಗಳು. ಬಸ್ಸು ಹತ್ತಿರ ಬಂದಮೇಲೆ ಆ ಉಂಡೆ ಬಿಡಿಸಿಕೊಂಡು ಅಕ್ಷರವಾಗುತ್ತದೆ. ಅಷ್ಟರಲ್ಲಿ ಕೈ ತೋರಿಸಿ ನಿಲ್ಲಿಸುವ ಹೊತ್ತು ಬಹುಪಾಲು ಮುಗಿದಿರುತ್ತದೆ.

ಗಮನವಿಟ್ಟು ನೋಡಿದರೆ ಇನ್ನೊಂದು ವಿಚಿತ್ರವೂ ಕಾಣುತ್ತದೆ. ಕನ್ನಡದ ಹೆಸರುಗಳೆಲ್ಲ ಒಂದೇ ತೆರನಾಗಿ ಮಸುಕಾಗುವುದಿಲ್ಲ. ‘ಯಲಹಂಕ’, ‘ನಾಗವಾರ’ ಒಂದು ಮಟ್ಟಿಗೆ ತಿಳಿಯುತ್ತವೆ. ‘ಹೆಬ್ಬಾಳ’, ‘ವಿದ್ಯಾರಣ್ಯಪುರ’ ತಿಳಿಯುವುದು ಕಷ್ಟ.

ಕನ್ನಡ ಲಿಪಿ ಯಂತ್ರಕ್ಕೆ ಒಗ್ಗುವುದಿಲ್ಲ, ಅದಕ್ಕೇ ಹೀಗೆ ಎಂದು ಹೇಳಿ ಕೈತೊಳೆದುಕೊಳ್ಳುವವರಿದ್ದಾರೆ. ಆ ಮಾತು ತಪ್ಪು. ಈ ಮಸುಕಿಗೆ ಎಣಿಸಿ ತೋರಿಸಬಹುದಾದ ಕಾರಣವಿದೆ, ಅದನ್ನು ಎಣಿಸಲು ಶಾಲೆಯ ಲೆಕ್ಕ ಸಾಕು. ಕಾರಣ ಗೊತ್ತಾದರೆ ಬಸ್ ಬೋರ್ಡನ್ನು ಸರಿಮಾಡುವ ದಾರಿಯೂ ಗೊತ್ತಾಗುತ್ತದೆ. ಹಳೆಯ ವಿಡಿಯೊ ಗೇಮುಗಳ ಕಾಲದ ಚೌಕಚೌಕ ಅಕ್ಷರಗಳು ಈಗ ಪೋಸ್ಟರು, ಟೀ ಶರ್ಟುಗಳಲ್ಲಿ ಮತ್ತೆ ಬಂದಿರುವಾಗ ಕನ್ನಡದಲ್ಲಿ ಅವು ಅಪರೂಪ ಏಕೆ ಎಂಬುದೂ ತಿಳಿಯುತ್ತದೆ.

ಎಳೆ ಎಣಿಸಿ ಬರೆದ ಅಕ್ಷರ

ಪುಸ್ತಕದಲ್ಲಿ ಅಚ್ಚಾದ ಅಕ್ಷರಕ್ಕೆ ನುಣುಪಾದ ಅಂಚಿದೆ. ಎಲ್‌ಇಡಿ ಬೋರ್ಡಿನ ಅಕ್ಷರಕ್ಕೆ ಅಂಚೇ ಇಲ್ಲ. ಅಲ್ಲಿರುವುದು ಅಡ್ಡಸಾಲು, ಕಂಬಸಾಲುಗಳಲ್ಲಿ ಕೂರಿಸಿದ ದೀಪಗಳು. ಒಂದೊಂದು ದೀಪ ಉರಿಯಬೇಕು ಇಲ್ಲವೇ ಆರಬೇಕು. ಇಂಥ ಬೋರ್ಡಿನಲ್ಲಿ ಅದು ಅರ್ಧ ಉರಿಯುವುದಿಲ್ಲ, ಪಕ್ಕಕ್ಕೆ ಜರುಗುವುದೂ ಇಲ್ಲ. ಯಾವ ದೀಪ ಉರಿಯಬೇಕು, ಯಾವುದು ಆರಿರಬೇಕು ಎಂಬ ಪಟ್ಟಿಯೇ ಇಲ್ಲಿ ಅಕ್ಷರ. ಇದನ್ನು ಚುಕ್ಕಿ ಅಕ್ಷರ ಎಂದು ಕರೆಯೋಣ. ಕಂಪ್ಯೂಟರಿನವರು ಬಿಟ್‌ಮ್ಯಾಪ್ ಫಾಂಟ್, ಪಿಕ್ಸೆಲ್ ಫಾಂಟ್ ಎನ್ನುತ್ತಾರೆ.

ಧಾರವಾಡದ ಕಡೆ ಕಸೂತಿ ಹಾಕುವ ಹೆಣ್ಣುಮಕ್ಕಳಿಗೆ ಈ ಕೆಲಸ ಹೊಸದಲ್ಲ. ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ. ಹಾಸು, ಹೊಕ್ಕಿನ ಎಳೆಗಳನ್ನು ಎಣಿಸುತ್ತ ಸೂಜಿ ಇಳಿಸುತ್ತಾರೆ. ಗೋಪುರವಾಗಲಿ ಆನೆಯಾಗಲಿ, ಎಳೆಗಳ ಲೆಕ್ಕದಲ್ಲೇ ಮೂಡಬೇಕು. ಓರೆಗೆರೆ ಬೇಕಾದಾಗ ಮುರ್ಗಿ ಹೊಲಿಗೆ ಮೆಟ್ಟಿಲುಮೆಟ್ಟಿಲಾಗಿ ಹತ್ತುತ್ತದೆ. ಚುಕ್ಕಿ ಅಕ್ಷರದ ಓರೆಯೂ ಹಾಗೇ ಮೆಟ್ಟಿಲಾಗುತ್ತದೆ. ಎಳೆ ದಪ್ಪವಾದ ಬಟ್ಟೆಯಲ್ಲಿ ಸಣ್ಣ ನವಿಲು ಬರುವುದಿಲ್ಲ ಎಂಬುದು ಕಸೂತಿಯವರಿಗೆ ಮೊದಲೇ ಗೊತ್ತು. ಈ ಬರಹದ ಅರ್ಧ ವಿಜ್ಞಾನ ಆ ತಿಳಿವಿನಲ್ಲೇ ಇದೆ.

ಐದು ಪದರದ ಅಕ್ಷರ

ಇಂಗ್ಲಿಷಿನ ದೊಡ್ಡಕ್ಷರ ‘ಇ’ ನೆನೆಸಿಕೊಳ್ಳಿ. ಮೇಲಿನಿಂದ ಕೆಳಕ್ಕೆ ಬೆರಳಾಡಿಸಿದರೆ ಮೊದಲು ಒಂದು ಅಡ್ಡಗೆರೆ, ಆಮೇಲೆ ಖಾಲಿ ಜಾಗ, ಮತ್ತೆ ಗೆರೆ, ಮತ್ತೆ ಖಾಲಿ, ಕೊನೆಗೆ ಗೆರೆ. ಮೂರು ಗೆರೆ, ಎರಡು ಖಾಲಿ, ಒಟ್ಟು ಐದು ಪದರ. ಗೆರೆಗೆ ಕಡಿಮೆಯೆಂದರೂ ಒಂದು ಸಾಲು ದೀಪ ಬೇಕು. ಖಾಲಿಗೂ ಒಂದು ಸಾಲು ಆರಿದ ದೀಪ ಬೇಕೇ ಬೇಕು. ಅದಿಲ್ಲದಿದ್ದರೆ ಮೇಲಿನ ಗೆರೆ, ಕೆಳಗಿನ ಗೆರೆ ಒಂದಾಗಿಬಿಡುತ್ತವೆ. ಹಾಗಾಗಿ ‘ಇ’ ಬರೆಯಲು ಐದು ಅಡ್ಡಸಾಲು ಬೇಕು, ಅಷ್ಟೇ ಸಾಕು.

ಚುಕ್ಕಿ ಅಕ್ಷರದ ಮೂಲಸೂತ್ರ ಇದು: ಗೆರೆಗೊಂದು ಸಾಲು, ಬಿಡುವಿಗೊಂದು ಸಾಲು. ಅಕ್ಷರದಲ್ಲಿ ಎಷ್ಟು ಪದರಗಳಿವೆಯೋ ಅದಕ್ಕಿಂತ ಕಡಿಮೆ ಸಾಲಿನಲ್ಲಿ ಅದನ್ನು ಬರೆಯಲಾಗದು. ಎಂಥ ಕಲಾವಿದ ಬಂದರೂ, ಎಂಥ ಕಂಪ್ಯೂಟರ್ ಬಂದರೂ ಆಗದು.

ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಐದು ಪದರ ದಾಟುವುದಿಲ್ಲ. ‘8’ ಅಂಕಿಯೂ ಐದೇ ಪದರ. ಅದಕ್ಕೇ ಯಂತ್ರಗಳ ಲೋಕದಲ್ಲಿ ಅಗಲ 5, ಎತ್ತರ 7 ಚುಕ್ಕಿಯ ಅಕ್ಷರ ಬಹು ಹಿಂದೆಯೇ ನೆಲೆಯೂರಿತು. ಲಿಫ್ಟಿನ ಪರದೆ, ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳಲ್ಲಿ ಅದು ಸಾಮಾನ್ಯ. ಯಶವಂತಪುರ ರೈಲು ನಿಲ್ದಾಣದ ಪ್ಲಾಟ್‌ಫಾರಂನಲ್ಲಿ ಬೋಗಿಯ ಗುರುತು ತೋರಿಸುವ ಪುಟ್ಟ ಬೋರ್ಡು ಒಂದು ಅಕ್ಷರ, ಒಂದೆರಡು ಅಂಕಿಗಳಲ್ಲಿ ಕೆಲಸ ಮುಗಿಸುತ್ತದೆ. ಅಷ್ಟಕ್ಕೆ ಕೆಲವೇ ಸಾಲು ದೀಪ ಸಾಕು.

ಕಣ್ಣಿಗೂ ಒಂದು ಅಳತೆ

ಬೋರ್ಡಿಗೆ ಒಂದು ಮಿತಿಯಿದ್ದರೆ ನೋಡುವ ಕಣ್ಣಿಗೆ ಇನ್ನೊಂದು ಮಿತಿ. ಕಣ್ಣಿನ ಡಾಕ್ಟರ ಕೋಣೆಯಲ್ಲಿ ತೂಗುಹಾಕುವ ಅಕ್ಷರಗಳ ಬೋರ್ಡನ್ನು 1862ರಲ್ಲಿ ರೂಪಿಸಿದವರು ನೆದರ್ಲೆಂಡ್ಸಿನ ವೈದ್ಯ ಹರ್ಮನ್ ಸ್ನೆಲೆನ್. ಅವರು ಅಕ್ಷರಗಳನ್ನು ಮನಸ್ಸಿಗೆ ಬಂದಂತೆ ಬರೆಯಲಿಲ್ಲ. ಒಂದು ಚೌಕವನ್ನು ಅಡ್ಡಕ್ಕೆ ಐದು, ಉದ್ದಕ್ಕೆ ಐದು ಮನೆಗಳಾಗಿ ಭಾಗಮಾಡಿ ಅದರೊಳಗೆ ಅಕ್ಷರ ಕೂರಿಸಿದರು. ಗೆರೆಯ ದಪ್ಪ ಒಂದು ಮನೆ, ಬಿಡುವು ಒಂದು ಮನೆ. ಕಂಪ್ಯೂಟರ್ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಕಣ್ಣಿನ ಡಾಕ್ಟರರು ಚುಕ್ಕಿ ಅಕ್ಷರದ ಲೆಕ್ಕ ಹಾಕಿದ್ದರು.

ಅವರಿಗೆ ಬೇಕಾಗಿದ್ದು ಕಣ್ಣು ಬಿಡಿಸಿ ನೋಡಬಲ್ಲ ಅತಿ ಸಣ್ಣ ವಿವರದ ಅಳತೆ. ದೃಷ್ಟಿ ಸರಿಯಿರುವ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಸಣ್ಣ ಅಂತರವನ್ನು ಗುರುತಿಸುತ್ತದೆ. ಡಾಕ್ಟರು 6/6 ಎಂದು ಬರೆದುಕೊಡುವುದು ಈ ಮಟ್ಟದ ಕಣ್ಣಿಗೇ. ನಿತ್ಯದ ಭಾಷೆಯಲ್ಲಿ ಹೇಳುವುದಾದರೆ, ಒಂದು ವಿವರ ಎಷ್ಟು ದಪ್ಪವಿದೆಯೋ ಅದರ ಸುಮಾರು 3,400 ಪಟ್ಟು ದೂರದವರೆಗೆ ಅದು ಕಾಣುತ್ತದೆ. ಅದಕ್ಕಿಂತ ದೂರ ಹೋದರೆ ಪಕ್ಕಪಕ್ಕದ ಎರಡು ಗೆರೆಗಳು ಕಣ್ಣೊಳಗೆ ಒಂದಾಗುತ್ತವೆ.

ಈ ಲೆಕ್ಕವನ್ನು ಬೋರ್ಡಿಗೆ ಹಚ್ಚಿ ನೋಡೋಣ. ಅಂಗಡಿಗಳ ಮುಂದೆ ಓಡುವ ಅಕ್ಷರಗಳ ಬೋರ್ಡು ಮಾಡಲು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಪಿ10 ಎಂಬ ಹಲಗೆ ಸಿಗುತ್ತದೆ. ಅದರಲ್ಲಿ 16 ಅಡ್ಡಸಾಲು, 32 ಕಂಬಸಾಲು, ಒಟ್ಟು 512 ದೀಪಗಳು; ದೀಪದಿಂದ ದೀಪಕ್ಕೆ 10 ಮಿಲಿಮೀಟರು. ಹಲಗೆಯ ಎತ್ತರ 160 ಮಿಲಿಮೀಟರು. ನಮ್ಮ ಬೋರ್ಡೂ ಇಷ್ಟೇ ಎತ್ತರದ್ದು ಎಂದುಕೊಳ್ಳೋಣ.

ಇಂಗ್ಲಿಷಿಗೆ ಐದು ಪದರ ಸಾಕು, ಬೋರ್ಡಿನಲ್ಲಿ ಹದಿನಾರು ಸಾಲಿವೆ. ಪದರಕ್ಕೆ ಮೂರು ಸಾಲಿನಂತೆ ಧಾರಾಳವಾಗಿ ಹಂಚಿದರೂ ಹದಿನೈದೇ ಸಾಲು. ಒಂದೊಂದು ಗೆರೆಯೂ ಬಿಡುವೂ 30 ಮಿಲಿಮೀಟರು ದಪ್ಪ. 3,400ರಿಂದ ಗುಣಿಸಿದರೆ ಸುಮಾರು 100 ಮೀಟರು. ಅಷ್ಟು ದೂರದಿಂದಲೇ ಇಂಗ್ಲಿಷ್ ಹೆಸರು ಓದಲು ಬರಬೇಕು. ನಂಬರಿಗೂ ಇದೇ ಲೆಕ್ಕ. ಬೆಂಗಳೂರಿನಲ್ಲಿ ಜನ ಹೆಸರಿಗಿಂತ ನಂಬರು ನೋಡಿ ಬಸ್ಸು ಹಿಡಿಯುವುದಕ್ಕೆ ಅಭ್ಯಾಸದ ಜೊತೆಗೆ ಈ ಕಾರಣವೂ ಉಂಟು.

ಕನ್ನಡದ ಪದರಗಳು

ಈಗ ಕನ್ನಡಕ್ಕೆ ಬರೋಣ. ‘ರ’ ಬರೆಯಿರಿ. ಮೇಲೆ ತಲೆಕಟ್ಟು, ಅದರ ಕೆಳಗೆ ಬಿಡುವು, ಆಮೇಲೆ ದುಂಡನೆಯ ಮೈಯ ಮೇಲಂಚು, ಒಳಗಿನ ಖಾಲಿ, ಕೆಳಗಿನ ಅಂಚು. ಐದು ಪದರ. ಇಲ್ಲಿಯವರೆಗೆ ಕನ್ನಡ, ಇಂಗ್ಲಿಷ್ ಸಮಸಮ.

ಆ ‘ರ’ದ ಹೊಟ್ಟೆಯೊಳಗೆ ಒಂದು ಚುಕ್ಕಿಯಿಟ್ಟರೆ ‘ಠ’. ಒಂದೇ ಚುಕ್ಕಿ, ಅಕ್ಷರವೇ ಬೇರೆ. ಆ ಚುಕ್ಕಿ ಮೇಲಂಚಿಗೂ ಕೆಳಂಚಿಗೂ ತಾಗದೆ ನಿಲ್ಲಬೇಕಾದರೆ ಅದಕ್ಕೊಂದು ಸಾಲು, ಅದರ ಆಚೀಚೆ ಎರಡು ಖಾಲಿ ಸಾಲು ಬೇಕು. ಪದರ ಏಳಾಯಿತು. ‘ದ’ ಹೋಗಿ ‘ಧ’ ಆಗಲು ಹೊಟ್ಟೆ ಸೀಳಬೇಕು. ಆ ಸೀಳು ಕಾಣಲು ಕೆಳಗೆ ಇನ್ನೊಂದು ಸಾಲು ಇಳಿಯಬೇಕು. ಚುಕ್ಕಿಯೂ ಸೀಳೂ ಒಟ್ಟಿಗೆ ಬರುವ ‘ಥ’ದಲ್ಲಿ ಪದರ ಎಂಟು. ತಲೆಕಟ್ಟಿನ ಜಾಗದಲ್ಲಿ ಗುಡಿಸು ಬಂದರೆ ಒಂದು ಗೆರೆಯ ಬದಲು ಸುತ್ತು. ಅದಕ್ಕೆ ಮೇಲಂಚು, ಒಳಖಾಲಿ, ಕೆಳಂಚು ಎಂದು ಮೂರು ಪದರ. ಎರಡು ಹೆಚ್ಚಾಗಿ ಹತ್ತಾಯಿತು. ಇದರ ಕೆಳಗೆ ಒತ್ತಕ್ಷರ ಬಂದರೆ ಮೊದಲು ಒಂದು ಬಿಡುವು, ಆಮೇಲೆ ಒತ್ತಿನ ಮೈಗೆ ಮೂರು ಪದರ. ಹದಿನಾಲ್ಕು. ‘ಬುದ್ಧಿ’ಯಲ್ಲಿರುವಂತೆ ಒತ್ತಿಗೂ ಹೊಟ್ಟೆ ಸೀಳಬೇಕಾದರೆ ಹದಿನೈದು. ಅಂಚಿಗೆ ಉಸಿರಾಡಲು ಒಂದು ಸಾಲು ಬಿಟ್ಟರೆ ಹದಿನಾರು.

ಎಲ್ಲ ಅಕ್ಷರಕ್ಕೂ ಇಷ್ಟೂ ಬೇಕಿಲ್ಲ. ಆದರೆ ಯಾವ ಹೆಸರು ಬಂದರೂ ಬರೆಯಬಲ್ಲ ಕನ್ನಡ ಚುಕ್ಕಿ ಅಕ್ಷರಕ್ಕೆ ಹದಿನಾರು ಸಾಲು ಕನಿಷ್ಠ. ಇದೇ ನಮ್ಮ ಒಗಟಿನ ಬೀಗದ ಕೈ. ಹದಿನಾರು ಸಾಲಿನ ಬೋರ್ಡಿನಲ್ಲಿ ಇಂಗ್ಲಿಷಿಗೆ ಪದರಕ್ಕೆ ಮೂರು ಸಾಲು ದಕ್ಕುತ್ತದೆ, ಕನ್ನಡಕ್ಕೆ ಒಂದೇ ಸಾಲು. ಗೆರೆಯ ದಪ್ಪ 10 ಮಿಲಿಮೀಟರು, ಕಾಣುವ ದೂರ ಸುಮಾರು 34 ಮೀಟರು.

ಗಂಟೆಗೆ 40 ಕಿಲೋಮೀಟರು ವೇಗದ ಬಸ್ಸು ಸೆಕೆಂಡಿಗೆ ಸುಮಾರು 11 ಮೀಟರು ಓಡುತ್ತದೆ. 100 ಮೀಟರಿನಿಂದ ಓದಲು ಬಂದರೆ ಒಂಬತ್ತು ಸೆಕೆಂಡು ಸಿಕ್ಕಿತು. 34 ಮೀಟರಿನಿಂದ ಮಾತ್ರ ಓದಲು ಬಂದರೆ ಮೂರೇ ಸೆಕೆಂಡು. ಆ ಮೂರರಲ್ಲೇ ಓದಬೇಕು, ನಮ್ಮ ಬಸ್ಸು ಹೌದೋ ಅಲ್ಲವೋ ತೀರ್ಮಾನಿಸಬೇಕು, ಮುಂದೆ ನುಗ್ಗಿ ಕೈ ತೋರಿಸಬೇಕು. ರಾತ್ರಿಯ ಹೊತ್ತು ದೀಪದ ಹೊಳಪು ಪಕ್ಕಕ್ಕೆ ಚೆಲ್ಲಿ ಬಿಡುವುಗಳನ್ನು ನುಂಗುವುದರಿಂದ ದೂರ ಇನ್ನೂ ಕಡಿಮೆಯಾಗುತ್ತದೆ. ಇಂಗ್ಲಿಷ್ ಬಾರದ, ನಂಬರು ನೆನಪಿಲ್ಲದ ಹಿರಿಯರೊಬ್ಬರು ಹೆಬ್ಬಾಳದಲ್ಲಿ ನಿಂತಿದ್ದಾರೆಂದರೆ ಈ ಆರು ಸೆಕೆಂಡಿನ ವ್ಯತ್ಯಾಸ ಅವರ ಪಾಲಿಗೆ ಮುಂದಿನ ಬಸ್ಸಿಗಾಗಿ ಕಾಯುವ ಅರ್ಧ ಗಂಟೆ.

ಯಲಹಂಕಕ್ಕೆ ಸಿಕ್ಕ ರಿಯಾಯಿತಿ

‘ಯಲಹಂಕ’ದಲ್ಲಿ ಒತ್ತಕ್ಷರವಿಲ್ಲ. ‘ಯಶವಂತಪುರ’, ‘ನಾಗವಾರ’, ‘ಕೋಗಿಲು’, ‘ಸಂಜಯನಗರ’, ‘ಆರ್.ಟಿ. ನಗರ’ ಇವುಗಳಲ್ಲೂ ಇಲ್ಲ. ‘ಹೆಬ್ಬಾಳ’, ‘ಜಕ್ಕೂರು’, ‘ಅಟ್ಟೂರು’, ‘ಮತ್ತಿಕೆರೆ’, ‘ಜಾಲಹಳ್ಳಿ’, ‘ದೊಡ್ಡಬಳ್ಳಾಪುರ’ ಇವುಗಳಲ್ಲಿ ಇದೆ. ಉತ್ತರ ಬೆಂಗಳೂರಿನ, ಅದರಾಚೆಯ ಊರುಗಳು ಚುಕ್ಕಿಗಳ ಲೆಕ್ಕದಲ್ಲಿ ಹೀಗೆ ಎರಡು ಗುಂಪಾಗುತ್ತವೆ.

ಒತ್ತಿಲ್ಲದ ಹೆಸರಿಗೆ ಸುಮಾರು ಎಂಟು ಪದರ ಎಂದಿಟ್ಟುಕೊಂಡರೆ ಹದಿನಾರು ಸಾಲಿನಲ್ಲಿ ಪದರಕ್ಕೆ ಎರಡು ಸಾಲು ಸಿಗುತ್ತದೆ. ದಪ್ಪ 20 ಮಿಲಿಮೀಟರು, ದೂರ ಸುಮಾರು 68 ಮೀಟರು, ಸಮಯ ಆರು ಸೆಕೆಂಡು. ಅಂದರೆ ಅದೇ ಬೋರ್ಡಿನಲ್ಲಿ ‘ಯಲಹಂಕ’ವನ್ನು ‘ಹೆಬ್ಬಾಳ’ಕ್ಕಿಂತ ಎರಡು ಪಟ್ಟು ದೂರದಿಂದ ಓದಿಸಬಹುದು.

ಆದರೆ ಒಂದೇ ಫಾಂಟಿನಲ್ಲಿ ಎಲ್ಲ ಹೆಸರನ್ನೂ ಬರೆಯುವ ಸಾಫ್ಟ್‌ವೇರು ಒತ್ತಕ್ಷರ ಬಂದರೂ ಬರದಿದ್ದರೂ ಕೆಳಗಿನ ನಾಲ್ಕೈದು ಸಾಲನ್ನು ಅದಕ್ಕೆಂದು ಕಾದಿರಿಸುತ್ತದೆ. ಆಗ ‘ಯಲಹಂಕ’ ಬೋರ್ಡಿನ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ, ಕೆಳಗೆ ಒಂದು ಪಟ್ಟಿ ಕತ್ತಲೆ ಉಳಿಯುತ್ತದೆ. ಸಿಗಬಹುದಾಗಿದ್ದ ರಿಯಾಯಿತಿ ಸಿಗುವುದಿಲ್ಲ. ಹೆಸರಿನಲ್ಲಿ ಒತ್ತು ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಅಕ್ಷರವನ್ನು ಪೂರ್ತಿ ಎತ್ತರಕ್ಕೆ ಹಿಗ್ಗಿಸಿ ಎಂದು ಸಾಫ್ಟ್‌ವೇರಿಗೆ ಹೇಳಿಕೊಡುವುದು ಸಣ್ಣ ಕೆಲಸ. ಹೊಸ ದೀಪ ಬೇಡ, ಹೊಸ ಬೋರ್ಡು ಬೇಡ.

ಒತ್ತೇ ತೊಡಕು ಎಂದು ಅದನ್ನೇ ಕೈಬಿಡುವ ಸಲಹೆಯೂ ಆಗಾಗ ಬರುತ್ತದೆ. ಅದರಲ್ಲಿ ಹುರುಳಿಲ್ಲ; ಇಷ್ಟು ಹಳೆಯ ಲಿಪಿಯನ್ನು ಒಂದು ಬೋರ್ಡಿಗಾಗಿ ಕತ್ತರಿಸುವುದು ಸರಿಯಲ್ಲ. 2018ರಲ್ಲಿ ಹೆಬ್ಬಾಳದಲ್ಲೇ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಗಂಗರ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಕನ್ನಡ ಬರೆಯುವ ಕೈ ಈ ನೆಲದಲ್ಲಿ ಹನ್ನೆರಡು ಶತಮಾನಕ್ಕೂ ಹಿಂದಿನಿಂದ ಪಳಗಿದೆ. ಮಿಥಿಕ್ ಸೊಸೈಟಿ ಎಂಬ ಸಂಸ್ಥೆಯವರು ಆ ಕಲ್ಲನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ, ಅದರ ಅಕ್ಷರಗಳನ್ನು ಬಿಡಿಬಿಡಿಯಾಗಿ ಡಿಜಿಟಲ್ ರೂಪಕ್ಕೆ ತಂದಿದ್ದಾರೆ. ಕಲ್ಲಿನ ಅಕ್ಷರ ಸವೆದರೂ ಉಳಿಯಲಿ ಎಂದು ಇಷ್ಟು ಜತನ ಮಾಡುವ ನಾವು, ಬಸ್ಸಿನ ನೆತ್ತಿಯ ಅಕ್ಷರ ಹದಿನಾರು ದೀಪದ ಸಾಲಿಗೆ ಸಿಕ್ಕು ಆಕಾರ ಕಳೆದುಕೊಳ್ಳಲು ಬಿಡಬಾರದು.

ಯಂತ್ರಕ್ಕೆ ಬಿಟ್ಟರೆ ಏನಾಗುತ್ತದೆ

ಚುಕ್ಕಿ ಅಕ್ಷರ ಮಾಡಲು ಎರಡು ದಾರಿ. ಒಂದು, ಮನುಷ್ಯರೇ ಕೂತು ಚುಕ್ಕಿ ಚುಕ್ಕಿ ಇಟ್ಟು ಬರೆಯುವುದು. ಇನ್ನೊಂದು, ನುಣುಪು ಅಂಚಿನ ಫಾಂಟನ್ನು ಕಂಪ್ಯೂಟರಿಗೆ ಕೊಟ್ಟು ಚುಕ್ಕಿ ಮಾಡಿಸುವುದು.

ಎರಡನೆಯ ದಾರಿಯಲ್ಲಿ ಕಂಪ್ಯೂಟರು ಅಕ್ಷರದ ಮೇಲೆ ಚೌಕುಳಿ ಹಾಸುತ್ತದೆ. ಪ್ರತಿ ಮನೆಯ ನಡುಬಿಂದು ಅಕ್ಷರದ ಗೆರೆಯೊಳಗೆ ಬಿದ್ದರೆ ದೀಪ ಹಚ್ಚುತ್ತದೆ, ಹೊರಗೆ ಬಿದ್ದರೆ ಆರಿಸುತ್ತದೆ. ಗೆರೆ ಮನೆಗಿಂತ ಸಣ್ಣದಾಗಿ ಎರಡು ನಡುಬಿಂದುಗಳ ಮಧ್ಯೆ ನುಸುಳಿತೆಂದರೆ ಆ ಗೆರೆಯೇ ಮಾಯ. ಬಿಡುವು ಹಾಗೆ ನುಸುಳಿದರೆ ಎರಡು ಗೆರೆ ಅಂಟಿಕೊಳ್ಳುತ್ತವೆ. ‘ಠ’ದ ಚುಕ್ಕಿ ಬಿದ್ದುಹೋಗಿ ‘ರ’ ಉಳಿಯುವುದು, ‘ಧ’ದ ಸೀಳು ಮುಚ್ಚಿ ‘ದ’ ಆಗುವುದು, ‘ಪ’ದ ತೆರೆದ ಬಾಯಿ ಮುಚ್ಚಿಕೊಂಡು ‘ವ’ದಂತೆ ಕಾಣುವುದು ಹೀಗೆ. ಥಣಿಸಂದ್ರದ ಮೊದಲ ಅಕ್ಷರಕ್ಕೆ ಹೊಟ್ಟೆಯ ಚುಕ್ಕಿಯೂ ಬೇಕು, ಕೆಳಗಿನ ಸೀಳೂ ಬೇಕು. ಅದಕ್ಕೆ ಎರಡು ಕಡೆಯೂ ಅಪಾಯ.

ಕಂಪ್ಯೂಟರಿಗೆ ಯಾವ ಚುಕ್ಕಿ ಅರ್ಥ ಹೊತ್ತಿದೆ, ಯಾವುದು ಬರೀ ಅಲಂಕಾರ ಎಂಬುದು ಗೊತ್ತಿಲ್ಲ. ಬರೆಯುವ ಮನುಷ್ಯರಿಗೆ ಗೊತ್ತು. ತಲೆಕಟ್ಟಿನ ಕೊಂಕನ್ನು ಅವರು ನೇರ ಮಾಡುತ್ತಾರೆ, ದುಂಡು ಮೂಲೆಯನ್ನು ಮೊಟಕು ಮಾಡುತ್ತಾರೆ, ಆದರೆ ‘ಠ’ದ ಚುಕ್ಕಿಯನ್ನು ಮಾತ್ರ ಮುಟ್ಟುವುದಿಲ್ಲ. ಏನನ್ನು ಬಿಟ್ಟುಕೊಡಬಹುದು, ಏನನ್ನು ಉಳಿಸಲೇಬೇಕು ಎಂಬ ಈ ವಿವೇಕವೇ ಚುಕ್ಕಿ ಅಕ್ಷರದ ಕಲೆ.

‘ಬ್ಬಾ’ ಬರೆಯುವುದನ್ನು ಹತ್ತಿರದಿಂದ ನೋಡೋಣ. ಹದಿನಾರು ಸಾಲಿನ ಗ್ರಾಫ್ ಕಾಗದ ತೆಗೆದುಕೊಳ್ಳಿ. ಮೊದಲ ಹನ್ನೊಂದು ಸಾಲು ‘ಬಾ’ಗೆ. ಹನ್ನೆರಡನೆಯದು ಖಾಲಿ, ಅದನ್ನು ಯಾವ ಕಾರಣಕ್ಕೂ ತುಂಬಬಾರದು. ಉಳಿದ ನಾಲ್ಕು ಸಾಲು ಒತ್ತಿಗೆ. ‘ಬಾ’ದ ಇಳಿ ಮೇಲಿನಿಂದ ಬಲಕ್ಕೆ ಬಾಗಿ ಇಳಿಯುತ್ತದೆ, ಅದಕ್ಕೂ ಮೈಗೂ ನಡುವೆ ಒಂದು ಕಂಬಸಾಲು ಖಾಲಿ ಬೇಕು. ಒತ್ತನ್ನು ಮೈಯ ನಟ್ಟನಡುವೆ ಇಟ್ಟರೆ ಎರಡೂ ಸೇರಿ ಒಂದೇ ಗಡ್ಡೆಯಂತೆ ಕಾಣುತ್ತದೆ. ಒಂದೆರಡು ಮನೆ ಬಲಕ್ಕೆ ಸರಿಸಿದರೆ ಕಣ್ಣು ಅದನ್ನು ತಟ್ಟನೆ ಬೇರೆಯಾಗಿ ಹಿಡಿಯುತ್ತದೆ. ಕೈಬರಹದಲ್ಲಿ ನಮಗೆ ಅರಿವಿಲ್ಲದೆಯೇ ಮಾಡುವ ಕೆಲಸ ಅದು.

ಹೀಗೆ ಒಂದೊಂದನ್ನೂ ಬರೆಯಬೇಕಾದರೆ ಎಷ್ಟು ಬರೆಯಬೇಕು? ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ಎಲ್ಲ ಸೇರಿ ನೂರರೊಳಗೆ ಮುಗಿಯುತ್ತವೆ. ಕನ್ನಡದ 34 ವ್ಯಂಜನಕ್ಕೆ 13 ಸ್ವರ ಸೇರಿದರೆ 442 ಗುಣಿತಾಕ್ಷರ. ಅವುಗಳ ಕೆಳಗೆ 34 ಒತ್ತು ಸೇರಿಸುತ್ತ ಹೋದರೆ ಲೆಕ್ಕಕ್ಕೆ ಹದಿನೈದು ಸಾವಿರ ದಾಟುತ್ತದೆ. ಬಳಕೆಯಲ್ಲಿರುವುದು ಅದರಲ್ಲಿ ಸಣ್ಣ ಪಾಲು. ಸಣ್ಣ ಯಂತ್ರಗಳ ಎಲ್‌ಸಿಡಿ ಪರದೆಗಳಲ್ಲಿ ಹಿಟಾಚಿ ಕಂಪನಿ ರೂಪಿಸಿದ ಒಂದು ಚಿಪ್ಪು ಲೋಕದ ತುಂಬ ಹರಡಿದೆ. ಅದರಲ್ಲಿ ನಮ್ಮದೇ ಅಕ್ಷರ ತುಂಬಿಕೊಳ್ಳಲು ಎಂಟೇ ಜಾಗ, ಒಂದೊಂದರ ಎತ್ತರ ಎಂಟು ಚುಕ್ಕಿ. ಕನ್ನಡ ಆ ಪರದೆಗಳಲ್ಲಿ ಕಾಣದೇ ಹೋದದ್ದರಲ್ಲಿ ಲಿಪಿಯ ತಪ್ಪಿಲ್ಲ, ಜಾಗವನ್ನೇ ಕೊಟ್ಟಿರಲಿಲ್ಲ.

ಜಾಗ ಕೊಟ್ಟಾಗ ಏನಾಗುತ್ತದೆ ಎಂಬುದಕ್ಕೆ ಜಪಾನಿನ ಉದಾಹರಣೆಯಿದೆ. ಅವರ ಎಷ್ಟೋ ಕಾಂಜಿ ಅಕ್ಷರಗಳಲ್ಲಿ ಪದರಗಳು ಕನ್ನಡಕ್ಕಿಂತ ಹೆಚ್ಚು, ಅಕ್ಷರಗಳ ಸಂಖ್ಯೆ ಸಾವಿರಗಟ್ಟಲೆ. 1980ರ ದಶಕದಲ್ಲೇ ಅವರು 16 ಚುಕ್ಕಿಯ, 24 ಚುಕ್ಕಿಯ ಅಕ್ಷರಗಳನ್ನು ಬರೆಸಿ ರಾಷ್ಟ್ರೀಯ ಮಾನದಂಡವನ್ನಾಗಿ ಮಾಡಿಕೊಂಡರು. ಗೆರೆ ಹಿಡಿಸದ ಕಡೆ ಯಾವ ಗೆರೆ ಬಿಡಬೇಕು ಎಂಬುದನ್ನೂ ತಿಳಿದವರೇ ತೀರ್ಮಾನಿಸಿದರು. ಯಂತ್ರ ತಯಾರಿಸುವವರಿಗೆ ಸಿದ್ಧ ಮಾದರಿ ಸಿಕ್ಕಿತು. ಕನ್ನಡಕ್ಕೂ ಒಂದು ಆರಂಭವಾಗಿದೆ. 1998ರಲ್ಲಿ ರೋಮನ್ ಚಿಬೊರಾ ಎಂಬುವರು ಆರಂಭಿಸಿದ ಯೂನಿಫಾಂಟ್ ಎಂಬ ಮುಕ್ತ ಫಾಂಟು ಲೋಕದ ಲಿಪಿಗಳನ್ನೆಲ್ಲ 16 ಸಾಲಿನ ಚೌಕುಳಿಯಲ್ಲಿ ಕೂರಿಸುತ್ತದೆ. ಅದರಲ್ಲಿ ಕನ್ನಡದ ಬಿಡಿ ಅಕ್ಷರಗಳಿವೆ. ಆದರೆ ಅದು ಒತ್ತನ್ನು ಕೆಳಗೆ ಜೋಡಿಸಿಕೊಡುವುದಿಲ್ಲ. ಅರ್ಧ ಕೆಲಸ ಆಗಿದೆ, ಉಳಿದರ್ಧ ಕನ್ನಡಿಗರು ಮಾಡಬೇಕಾದದ್ದು.

ಜಾಲಹಳ್ಳಿಯ ಏಳು ಸೆಕೆಂಡು

ಅಕ್ಷರವನ್ನು ಚಿತ್ರವಾಗಿ ಸಾಗಿಸುವ ಇನ್ನೊಂದು ಯಂತ್ರ ಯಶವಂತಪುರದ ಆಚೆ ಜಾಲಹಳ್ಳಿಯಲ್ಲೇ ನೆಲೆಯೂರಿರುವ ಸಂಸ್ಥೆಯದು. 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್, ದೇಶಕ್ಕೆ ಮತಯಂತ್ರ ಮಾಡಿಕೊಡುವ ಎರಡು ಸರ್ಕಾರಿ ಸಂಸ್ಥೆಗಳಲ್ಲಿ ಒಂದು. ಮತ ಹಾಕಿದ ಮೇಲೆ ಗಾಜಿನ ಹಿಂದೆ ಒಂದು ಚೀಟಿ ಮೂಡುತ್ತದಲ್ಲ, ವಿವಿಪ್ಯಾಟ್, ಅದರಲ್ಲಿ ಅಭ್ಯರ್ಥಿಯ ಕ್ರಮಸಂಖ್ಯೆ, ಹೆಸರು, ಚಿಹ್ನೆ ಇರುತ್ತವೆ. ಇವನ್ನು ಮೊದಲೇ ಚುಕ್ಕಿಚಿತ್ರವಾಗಿ ಯಂತ್ರಕ್ಕೆ ತುಂಬಿರುತ್ತಾರೆ. ಯಂತ್ರಕ್ಕೆ ಕನ್ನಡ ಗೊತ್ತಿರಬೇಕಾಗಿಲ್ಲ. ಯಾವ ಚುಕ್ಕಿ ಕಪ್ಪು, ಯಾವುದು ಬಿಳಿ ಎಂಬುದಷ್ಟೇ ಅದಕ್ಕೆ ಬೇಕು.

ಚೀಟಿ ಕಣ್ಣ ಮುಂದೆ ನಿಲ್ಲುವುದು ಏಳು ಸೆಕೆಂಡು. ಅಷ್ಟರಲ್ಲಿ ಮತದಾರರು ಓದಿ ಖಚಿತಪಡಿಸಿಕೊಳ್ಳಬೇಕು. ಕಾಗದ ಹತ್ತಿರವಿದೆ, ಚುಕ್ಕಿಗಳು ಸಣ್ಣವು. ಅಂಗಡಿ ಬಿಲ್ಲು ಕೊಡುವ ಸಾಮಾನ್ಯ ಥರ್ಮಲ್ ಪ್ರಿಂಟರು ಮಿಲಿಮೀಟರಿಗೆ 8 ಚುಕ್ಕಿ ಇಡುತ್ತದೆ. ಒಂದಡಿ ದೂರದಿಂದ ನಮ್ಮ ಕಣ್ಣು ಬಿಡಿಸಿ ನೋಡಬಲ್ಲ ಅಂತರವೂ ಹೆಚ್ಚುಕಡಿಮೆ ಅಷ್ಟೇ ಸಣ್ಣದು. ಆದ್ದರಿಂದ ಕಾಗದದ ಮೇಲೆ ಒತ್ತು, ಸೀಳು, ಚುಕ್ಕಿ ಎಲ್ಲಕ್ಕೂ ಜಾಗವಿದೆ. ಸಾಕಷ್ಟು ಪದರ ಕೊಟ್ಟರೆ ಕನ್ನಡ ಯಂತ್ರದಲ್ಲಿ ಸಲೀಸಾಗಿ ನಿಲ್ಲುತ್ತದೆ.

ಹಳೆಯ ಚುಕ್ಕಿಗೆ ಹೊಸ ಕೆಲಸ

ಇಂದಿನ ಮೊಬೈಲ್ ಪರದೆಯಲ್ಲಿ ಚುಕ್ಕಿಗಳು ಕಣ್ಣಿನ ಮಿತಿಗಿಂತಲೂ ಸಣ್ಣವು. ಚುಕ್ಕಿ ಕಾಣಲೇಬೇಕೆಂಬ ಒತ್ತಾಯ ಈಗ ಇಲ್ಲ. ಹಾಗಾಗಿಯೇ ಚುಕ್ಕಿ ಒಂದು ಶೈಲಿಯಾಯಿತು. 1984ರಲ್ಲಿ ಬಂದ ಮೆಕಿಂಟಾಷ್ ಕಂಪ್ಯೂಟರಿನ ಪರದೆ 512 ಕಂಬಸಾಲು, 342 ಅಡ್ಡಸಾಲಿನದು, ಕಪ್ಪುಬಿಳಿ ಮಾತ್ರ. ಅದಕ್ಕೆ ಸೂಸನ್ ಕೇರ್ ಗ್ರಾಫ್ ಕಾಗದದ ಮೇಲೆ ಮನೆ ತುಂಬುತ್ತ ಅಕ್ಷರಗಳನ್ನೂ ಚಿತ್ರಗಳನ್ನೂ ರಚಿಸಿದರು. ಈ ಕೆಲಸ ಮೊಸಾಯಿಕ್ ಮತ್ತು ಎಣಿಕೆಯ ಹೊಲಿಗೆಗೆ ಹತ್ತಿರದ್ದು ಎಂಬುದು ಅವರದೇ ಅಭಿಪ್ರಾಯ. ಅವರ ‘ಶಿಕಾಗೊ’ ಅಕ್ಷರ 2001ರ ಐಪಾಡಿನ ಪುಟ್ಟ ಪರದೆಯಲ್ಲಿ ಮತ್ತೆ ಬಂತು. ಒರಟು ಚುಕ್ಕಿಗೆಂದೇ ಹುಟ್ಟಿದ್ದರಿಂದ ಒರಟು ಚುಕ್ಕಿಯಲ್ಲಿ ಅದಕ್ಕೆ ಸಾಟಿಯಿರಲಿಲ್ಲ.

1980ರ ಪ್ಯಾಕ್‌ಮ್ಯಾನ್‌ನಂಥ ಆಟಗಳಲ್ಲಿ ಒಂದೊಂದು ಅಕ್ಷರಕ್ಕೂ 8ಕ್ಕೆ 8 ಮನೆ. ಇಂದು ರೆಟ್ರೊ ಪೋಸ್ಟರು ಮಾಡುವವರು ಹುಡುಕುವುದು ಆ ರೂಪವನ್ನೇ. ಅದೇ ಜಾಡಿನ ‘ಪ್ರೆಸ್ ಸ್ಟಾರ್ಟ್ 2ಪಿ’ ಎಂಬ ಜನಪ್ರಿಯ ಫಾಂಟಿನಲ್ಲಿ ಲ್ಯಾಟಿನ್, ಗ್ರೀಕ್, ಸಿರಿಲಿಕ್ ಇವೆ, ಕನ್ನಡವಿಲ್ಲ. ಏಕೆಂದು ಈಗ ನೀವೇ ಹೇಳಬಲ್ಲಿರಿ: ಎಂಟು ಸಾಲಿನಲ್ಲಿ ಹದಿನಾರು ಪದರ ಹಿಡಿಸದು. ಕನ್ನಡದ ಚುಕ್ಕಿ ಅಕ್ಷರ ಬೇಕೆಂದರೆ ಇಂಗ್ಲಿಷಿನದನ್ನು ನೋಡಿ ನಕಲು ಮಾಡುವ ಬದಲು ಹದಿನಾರರಿಂದಲೇ ಆರಂಭಿಸಬೇಕು. 1996ರಲ್ಲಿ ಆರಂಭವಾದ, ಯಲಹಂಕದ ಸೃಷ್ಟಿ ಕಲೆ ಮತ್ತು ವಿನ್ಯಾಸ ಸಂಸ್ಥೆಯಂಥ ಕಡೆ ಓದುತ್ತಿರುವ ಹುಡುಗ ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯ ಸವಾಲು ಬೇಕೆ?

ಬಳಸುವವರಿಗೆ ಕೆಲವು ನಿಯಮಗಳು. 16 ಸಾಲಿನಲ್ಲಿ ರಚಿಸಿದ ಅಕ್ಷರವನ್ನು 32, 48, 64 ಹೀಗೆ ಪೂರ್ಣ ಪಟ್ಟಿನಲ್ಲಿ ಮಾತ್ರ ದೊಡ್ಡದು ಮಾಡಿ. 20ಕ್ಕೋ 25ಕ್ಕೋ ಎಳೆದರೆ ಒಂದು ಚುಕ್ಕಿ ದಪ್ಪ, ಪಕ್ಕದ್ದು ಸಣ್ಣ ಆಗಿ ಲಯ ಕೆಡುತ್ತದೆ. ಅಂಚು ನುಣುಪು ಮಾಡುವ ಸೌಲಭ್ಯವನ್ನು ಆರಿಸಿಡಿ; ಬೂದುಬಣ್ಣ ಬೆರೆತರೆ ಚುಕ್ಕಿಯ ಖದರು ಹೋಗುತ್ತದೆ. ಶೀರ್ಷಿಕೆ, ಸ್ಕೋರು, ಟಿಕೆಟ್ಟು, ಸ್ಟಿಕ್ಕರು, ಆಟದ ಪರದೆ ಇವಕ್ಕೆ ಚುಕ್ಕಿ ಅಕ್ಷರ ಒಪ್ಪುತ್ತದೆ. ಪುಟಗಟ್ಟಲೆ ಓದಿಸಲು ಬೇಡ, ಕಣ್ಣು ದಣಿಯುತ್ತದೆ. ಸಾಲಿಗೂ ಸಾಲಿಗೂ ನಡುವೆ ಇಂಗ್ಲಿಷಿಗೆ ಬಿಡುವುದಕ್ಕಿಂತ ಹೆಚ್ಚು ಜಾಗ ಬಿಡಿ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಬಾರದು.

ಬೋರ್ಡಿನ ಆಕಾರವೇ ತಿರುಗಬೇಕು

ಇಷ್ಟು ಹೊತ್ತು ಎತ್ತರದ ಲೆಕ್ಕ ಹಾಕಿದೆವು. ಈಗ ಉದ್ದ ನೋಡೋಣ. ‘ಯಲಹಂಕ’ ಇಂಗ್ಲಿಷಿನಲ್ಲಿ ಒಂಬತ್ತು ಅಕ್ಷರ, ಕನ್ನಡದಲ್ಲಿ ನಾಲ್ಕು. ‘ಯಶವಂತಪುರ’ ಅಲ್ಲಿ ಹನ್ನೆರಡು, ಇಲ್ಲಿ ಆರು. ‘ಹೆಬ್ಬಾಳ’ ಅಲ್ಲಿ ಆರು, ಇಲ್ಲಿ ಮೂರು. ‘ದೊಡ್ಡಬಳ್ಳಾಪುರ’ ಅಲ್ಲಿ ಹದಿನಾಲ್ಕು, ಇಲ್ಲಿ ಆರು. ಇಂಗ್ಲಿಷ್ ಪಕ್ಕಕ್ಕೆ ಹರಡುತ್ತದೆ, ಕನ್ನಡ ಮೇಲೆ ಕೆಳಗೆ ಬೆಳೆಯುತ್ತದೆ. ಸ್ವರವನ್ನೂ ಒತ್ತನ್ನೂ ಒಂದೇ ಅಕ್ಷರದ ಮೈಗೆ ಪೇರಿಸಿ ಕನ್ನಡ ಉದ್ದದಲ್ಲಿ ಉಳಿಸಿದ್ದನ್ನು ಎತ್ತರದಲ್ಲಿ ಕೇಳುತ್ತದೆ.

ಉದ್ದಕ್ಕೆ ಹರಡಿ ಎತ್ತರದಲ್ಲಿ ಕುಗ್ಗಿದ ಬೋರ್ಡು ಇಂಗ್ಲಿಷಿನ ಆಕಾರಕ್ಕೆ ಹೊಲಿಸಿದ ಅಂಗಿ. 16 ಅಡ್ಡಸಾಲು, 160 ಕಂಬಸಾಲಿನ ಬೋರ್ಡಿಗೆ 2,560 ದೀಪ ಬೇಕು. 32 ಅಡ್ಡಸಾಲು, 80 ಕಂಬಸಾಲಿನ ಬೋರ್ಡಿಗೂ ಬೇಕಾಗುವುದು ಅದೇ 2,560 ದೀಪ. ಎರಡನೆಯದರಲ್ಲಿ ‘ಹೆಬ್ಬಾಳ’ಕ್ಕೆ ಪದರಕ್ಕೆ ಎರಡು ಸಾಲು ಸಿಕ್ಕಿ, ಅದು ಓದಲು ಬರುವ ದೂರ 34ರಿಂದ 68 ಮೀಟರಿಗೆ ಏರುತ್ತದೆ. ದೀಪಗಳನ್ನು ಒತ್ತೊತ್ತಾಗಿ ಜೋಡಿಸಿದ ಮಾತ್ರಕ್ಕೆ ಈ ಲಾಭ ಬರುವುದಿಲ್ಲ. ಆಗ ಅಕ್ಷರ ಅಂದವಾಗುತ್ತದೆಯೇ ಹೊರತು ಗೆರೆಯ ದಪ್ಪ ಅಷ್ಟೇ ಇರುತ್ತದೆ. ದೂರ ಹೆಚ್ಚಬೇಕಾದರೆ ಎತ್ತರವೇ ಹೆಚ್ಚಬೇಕು.

ಬಸ್ಸಿನ ನೆತ್ತಿಯಲ್ಲಿ ಅಷ್ಟು ಎತ್ತರ ಸಿಗುವುದು ಎಲ್ಲ ಮಾದರಿಯಲ್ಲೂ ಸಾಧ್ಯವಾಗದು. ನಿಲ್ದಾಣದ ಬೋರ್ಡಿಗೆ, ರೈಲ್ವೆ ಪ್ಲಾಟ್‌ಫಾರಂಗೆ, ಆಸ್ಪತ್ರೆಯ ಟೋಕನ್ ಪರದೆಗೆ ಆ ಅಡ್ಡಿಯಿಲ್ಲ. ಎಲ್‌ಇಡಿ ಬೋರ್ಡಿಗೆ ಟೆಂಡರು ಬರೆಯುವಾಗ ‘ಕನ್ನಡ ಮತ್ತು ಇಂಗ್ಲಿಷ್’ ಎಂದು ಬರೆದರೆ ಸಾಲದು. ‘ಒತ್ತಕ್ಷರವಿರುವ ಕನ್ನಡ ಹೆಸರು ಇಷ್ಟು ಮೀಟರಿನಿಂದ ಓದಲು ಬರಬೇಕು’ ಎಂದು ಬರೆಯಬೇಕು. ಎಷ್ಟು ಎತ್ತರ ಬೇಕೆಂಬ ಲೆಕ್ಕ ಸುಲಭ: ಬೇಕಾದ ದೂರವನ್ನು 3,400ರಿಂದ ಭಾಗಿಸಿ ಹದಿನಾರರಿಂದ ಗುಣಿಸಿ. ಜೊತೆಗೆ, ತಿಳಿದವರು ಕೈಯಾರೆ ಚುಕ್ಕಿಯಿಟ್ಟ 16 ಮತ್ತು 24 ಸಾಲಿನ ಕನ್ನಡ ಅಕ್ಷರಮಾಲೆಯೊಂದು ಬೋರ್ಡು ಮಾಡುವ ಪ್ರತಿಯೊಬ್ಬರ ಕೈಗೂ ಉಚಿತವಾಗಿ ಸಿಗುವಂತಾಗಬೇಕು. ಹಾಗಾದರೆ ಕನ್ನಡ ಓದುವವರಿಗೂ ತಮ್ಮ ಬಸ್ಸು ಯಾವುದೆಂದು ಕೈ ತೋರಿಸುವಷ್ಟು ಮೊದಲೇ ತಿಳಿಯುತ್ತದೆ.